ಅದೇ ಕರಡಿ, ಅದೇ ನೇರಳೆ ಬಣ್ಣ

ಆಹಾರದ ಪೊಟ್ಟಣಗಳ ಮೇಲೆ ಏನು ಬರೆದಿರಬೇಕು, ಎಷ್ಟು ಸಣ್ಣದಾಗಿ ಬರೆದರೂ ನಡೆಯುತ್ತದೆ ಎಂದು ತೀರ್ಮಾನಿಸುವ ಮುಖ್ಯಾಧಿಕಾರಿಗಳಿಗೆ,

ಮಾನ್ಯರೇ,

ನನ್ನ ಕೈಗೆ ಪೆನ್ನು ಕೊಡಿಸಿದ್ದಕ್ಕೇ ನಿಮ್ಮ ಮೇಲೆ ನನ್ನ ಮೊದಲ ಸಿಟ್ಟು. ನಾಲ್ಕನೇ ತರಗತಿಗೆ ಶಾಲೆ ಬಿಟ್ಟವನು ನಾನು. ಆಮೇಲೆ ಈ ಕೈ ಹಿಡಿದದ್ದು ಬ್ರಷ್ಷನ್ನು. ಗೋಡೆಗಳಿಗೆ ಬಣ್ಣ ಹೊಡೆದೇ ಮುದುಕನಾದವನು. ನಿಮ್ಮ ಕಚೇರಿಯ ಮೆಟ್ಟಿಲ ಪಕ್ಕದ ತಿಳಿಹಸಿರು ಗೋಡೆಯೂ ನಾನೇ ಹೊಡೆದದ್ದು. ಅದೇ ಮೆಟ್ಟಿಲು ಹತ್ತಿ ಬಂದು, ನನ್ನ ದೂರನ್ನು ಬಾಯಲ್ಲೇ ಹೇಳಿ ಹೋಗುತ್ತೇನೆ ಎಂದರೆ, ಕಿಟಕಿಯ ಆಚೆ ಕೂತಿದ್ದ ನಿಮ್ಮ ಗುಮಾಸ್ತೆ ತಲೆ ಎತ್ತದೆ, "ಬಾಯಲ್ಲಿ ಹೇಳಿದ್ರೆ ಆಗಲ್ಲ ತಾತ, ಬರ್ಕೊಂಡ್ ಬನ್ನಿ" ಎಂದಳು. ಬರೆದುಕೊಂಡು ಹೋದೆ. "ಸದರಿ ಪೊಟ್ಟಣದ ಮೇಲೆ ನಿಯಮಾನುಸಾರ ಮಾಹಿತಿಯನ್ನು ನಮೂದಿಸಲಾಗಿದೆ" ಎಂದು ಒಂದೇ ಸಾಲಿನ ಉತ್ತರ ಕಳಿಸಿದಿರಿ. ಅದಕ್ಕೇ ಈಗ ಊರಿಗೆಲ್ಲ ಕಾಣುವ ಹಾಗೆ ಪತ್ರಿಕೆಯಲ್ಲಿ ಬರೆಯುತ್ತಿದ್ದೇನೆ. ಕಾಗುಣಿತ ತಿದ್ದಿದವಳು ನನ್ನ ಹೆಂಡತಿ. ಸಿಟ್ಟು ತಿದ್ದಲೂ ಬಂದಿದ್ದಳು, ನಾನು ಬಿಡಲಿಲ್ಲ.

ನನ್ನ ದೂರು ಇಷ್ಟೇ. ನನ್ನ ಹೆಂಡತಿ ವರ್ಷಗಳಿಂದ ತಿನ್ನುತ್ತಿದ್ದ ಬಿಸ್ಕತ್ತಿನೊಳಗೆ ಕಾರ್ಖಾನೆಯವರು ಸದ್ದಿಲ್ಲದೆ ಕಡಲೆಕಾಯಿ ಸೇರಿಸಿದರು. ಹೊರಗಿನ ಹೊದಿಕೆ ಮಾತ್ರ ಕೂದಲೆಳೆಯಷ್ಟೂ ಬದಲಾಗಲಿಲ್ಲ. ಕಡಲೆಕಾಯಿ ಅವಳಿಗೆ ವಿಷ. ಬೇರೆಯವರಿಗೆ ಒಗ್ಗದ್ದು ಎಂದರೆ ಹೊಟ್ಟೆ ಕೆಡುವುದು, ಮೈ ಕೆರೆಯುವುದು. ಇವಳಿಗೆ ಹಾಗಲ್ಲ, ಉಸಿರೇ ಕಟ್ಟುತ್ತದೆ. ಮದುವೆಯಾದ ಹೊಸದರಲ್ಲಿ ಒಮ್ಮೆ ಅವಳ ತುಟಿ ನೀಲಿಯಾದದ್ದನ್ನು ನೋಡಿದ ಮೇಲೆ ನಾನೊಂದು ಪದ್ಧತಿ ಮಾಡಿಕೊಂಡೆ. ನಮ್ಮ ಮನೆಗೆ ಯಾವ ತಿಂಡಿ ಬಂದರೂ ಮೊದಲ ತುಂಡು ನನ್ನದು. ಬಾಯಲ್ಲಿಟ್ಟು, ನಾಲಿಗೆಯ ಪಕ್ಕಕ್ಕೆ ತಳ್ಳಿ, ಸುಮ್ಮನೆ ಕೂರುತ್ತೇನೆ. ಕಡಲೆಕಾಯಿ ಎಲ್ಲಿ ಅಡಗಿದ್ದರೂ, ಸಕ್ಕರೆಯ ಕೆಳಗಿರಲಿ, ಚಾಕೊಲೇಟಿನ ಹಿಂದಿರಲಿ, ನನ್ನ ನಾಲಿಗೆ ಹಿಡಿದು ಎಳೆಯುತ್ತಿತ್ತು. ನಾನು "ಹೂಂ" ಅಂದ ಮೇಲೆಯೇ ಅವಳು ತಿನ್ನುವುದು. ಮದುವೆ ಮನೆಯಲ್ಲಿ, ಮುಂಜಾನೆಯ ಚಹಾದಲ್ಲಿ, ಬಸ್ಸಿನಲ್ಲಿ, ಎಲ್ಲಿದ್ದರೂ ಹೀಗೇ. ನೆಂಟರಿಗೆ ಇದೊಂದು ತಮಾಷೆ. ನನ್ನ ನಾದಿನಿಯಂತೂ ನೆರೆದವರೆಲ್ಲರ ಮುಂದೆ, "ನಮ್ ಭಾವಂಗೆ ಹೆಂಡ್ತಿ ತಟ್ಟೆ ನೋಡಿದ್ರೇ ಬಾಯಲ್ಲಿ ನೀರು. ಅಕ್ಕ, ನಿನಗೇನಾದ್ರೂ ಉಳಿಸ್ತಾರಾ?" ಎಂದು ಆಡಿಕೊಂಡಿದ್ದಾಳೆ. ಆಡಿಕೊಳ್ಳಲಿ. ಅಕ್ಕ ಬದುಕಿದ್ದಾಳಲ್ಲ.

ಪೊಟ್ಟಣದ ತಿಂಡಿಯ ವಿಷಯದಲ್ಲಿ ಅವಳದೂ ಒಂದು ಪದ್ಧತಿ. ಅವಳು ನನಗಿಂತ ಓದಿದವಳು, ಸಿನಿಮಾ ಮಂದಿರದಲ್ಲಿ ಟಿಕೆಟ್ ಕೊಡುತ್ತಿದ್ದವಳು. ಹೊಸ ಪೊಟ್ಟಣ ಬಂದರೆ ಹಿಂಬದಿಯ ಅಕ್ಷರಗಳನ್ನೆಲ್ಲ ಕನ್ನಡಕ ಹಾಕಿಕೊಂಡು ಒಮ್ಮೆ ಓದುತ್ತಾಳೆ. ನಾನು ಒಮ್ಮೆ ರುಚಿ ನೋಡುತ್ತೇನೆ. ಎರಡರಲ್ಲೂ ಪಾಸಾದರೆ ಅದು ನಮ್ಮ ಮನೆಯವರ ಸಾಲಿಗೆ ಸೇರಿದ ಹಾಗೆ. ಅವಕ್ಕೆ ಹೆಸರೂ ಇದೆ. ಮಾವಿನ ರಸದ ಹಳದಿ ಡಬ್ಬ "ಮಗಳು". ಬಾಯಿ ಸುಡುವ ಕೆಂಪು ಚೀಲದ ಆಲೂಗಡ್ಡೆ ಚಿಪ್ಸು "ಅತ್ತಿಗೆ". ನೇರಳೆ ಹೊದಿಕೆಯ, ಕರಡಿ ಚಿತ್ರದ ಕ್ರೀಮ್ ಬಿಸ್ಕತ್ತು "ಭಾವಯ್ಯ". "ರೀ, ಬರ್ತಾ ಅಂಗಡಿಯಿಂದ ಭಾವಯ್ಯನ್ನ ಕರ್ಕೊಂಡ್ ಬನ್ನಿ" ಎಂದರೆ ನನಗೆ ತಿಳಿಯುತ್ತದೆ. ನಾನು ಅಕ್ಷರ ಹುಡುಕುವವನಲ್ಲ, ಬಣ್ಣ ನೋಡಿ ತರುವವನು. ಅಷ್ಟು ವರ್ಷ ಬಣ್ಣ ಬೆರೆಸಿದ ಕಣ್ಣು, ಒಂದು ಹನಿ ಬಿಳಿ ಹೆಚ್ಚಾದರೂ ಗೊತ್ತಾಗುತ್ತದೆ. ಆ ನೇರಳೆ ಅದೇ ನೇರಳೆಯಾಗಿತ್ತು ಸ್ವಾಮಿ. ಕರಡಿ ಅದೇ ಕರಡಿ, ಅದೇ ನಗು.

ಆ ದಿನ ಸಂಜೆ ಚಹಾ ಕಾಸಿದ್ದೆ. ಅವಳು ಬಿಸ್ಕತ್ತುಗಳನ್ನು ತಗಡಿನ ಡಬ್ಬಿಗೆ ಸುರಿದು ಹೊದಿಕೆಯನ್ನು ಕಸದ ಬುಟ್ಟಿಗೆ ಹಾಕಿದಳು. ಭಾವಯ್ಯನ ರುಚಿ ನೋಡಬೇಕಾದ ಅಗತ್ಯವೇ ಇಲ್ಲ. ಆದರೂ ರೂಢಿ, ನಾನೇ ಮೊದಲು ಕಚ್ಚಿದೆ. ಏನೂ ಅನ್ನಿಸಲಿಲ್ಲ. "ಹೂಂ" ಅಂದೆ. ಅವಳು ಒಂದು ತಿಂದು, ಇನ್ನೊಂದನ್ನು ಚಹಾದಲ್ಲಿ ಅದ್ದಿದಳು. ಅದು ಬಾಯಿಗೆ ಹೋಗಲೇ ಇಲ್ಲ. ಕತ್ತು ಉಜ್ಜಿಕೊಂಡಳು. "ಯಾಕೋ ಗಂಟಲು ಬಿಗೀತಿದೆ ಕಣ್ರೀ" ಎಂದಳು. ಅವಳ ದನಿ ಆಗಲೇ ಬೇರೆಯವರ ದನಿಯಾಗಿತ್ತು. ನೋಡನೋಡುತ್ತಲೇ ಕಣ್ಣಿನ ಸುತ್ತ ಊದಿಕೊಂಡು ನನ್ನ ಹೆಂಡತಿಯ ಮುಖ ಗುರುತು ಸಿಗದ ಹಾಗಾಯಿತು. ಉಸಿರೆಳೆದುಕೊಂಡರೆ ಒಳಗೆ ಸೀಟಿ ಊದಿದ ಸದ್ದು. ಮೂರು ಮಹಡಿ ಎತ್ತರದ ಹಗ್ಗದ ಮೇಲೆ ಕೂತು ಬಣ್ಣ ಹೊಡೆದವನು ನಾನು. ಅಲ್ಲಿಂದ ಎಂದೂ ಯಾರನ್ನೂ ಕೂಗದವನು ಅಂದು ಬೀದಿಗೆ ಓಡಿ ಸಿಕ್ಕವರನ್ನೆಲ್ಲ ಕೂಗಿದೆ.

ಪಕ್ಕದ ಮನೆಯ ಕೊಳಾಯಿ ರಿಪೇರಿಯವನು ತನ್ನ ವ್ಯಾನಿನಿಂದ ಪೈಪುಗಳನ್ನು ಬೀದಿಗೆ ಎಸೆದು ನಮ್ಮನ್ನು ಹತ್ತಿಸಿಕೊಂಡ. ಆಸ್ಪತ್ರೆಯಲ್ಲಿ ಒಬ್ಬಳು ಚಿಕ್ಕ ವಯಸ್ಸಿನ ಡಾಕ್ಟರು ಓಡಿ ಬಂದಳು.

"ಏನ್ ತಿಂದ್ರು ಇವರು? ಹೊಸದೇನಾದ್ರೂ ತಿಂದ್ರಾ?"

"ಹೊಸದೇನೂ ಇಲ್ಲಮ್ಮ. ಇವಳಿಗೆ ಕಡಲೆಕಾಯಿ ಒಂದು ಆಗಲ್ಲ."

"ಕಡಲೆಕಾಯಿ ಆಗಲ್ಲ ಅಂತೀರಿ. ಅದೇನಾದ್ರೂ ಸೇರಿರಬಹುದಾ?"

"ಆಗಲ್ಲ ಅಂತ ಗೊತ್ತಿದ್ದೂ ಕೊಡ್ತೀನಾ? ಭಾವಯ್ಯನ್ನ ತಿಂದ್ಲು ಅಷ್ಟೇ!"

ಆ ಹುಡುಗಿ ನನ್ನ ಮುಖವನ್ನೇ ನೋಡಿದಳು. ಹೆಂಡತಿಯ ಜೊತೆ ಈ ಮುದುಕನನ್ನೂ ಒಳಗೆ ಸೇರಿಸಿಕೊಳ್ಳಬೇಕೇನೋ ಅಂದುಕೊಂಡಿರಬೇಕು. ಬಿಸ್ಕತ್ತು ಎಂದು ವಿವರಿಸಿದೆ. ಹಳೆಯ ಬಿಸ್ಕತ್ತು, ಅದರಲ್ಲಿ ಏನೂ ಇಲ್ಲ, ನಾನೇ ತಿಂದು ನೋಡಿದ್ದೇನೆ ಎಂದು ಮೇಜು ಕುಟ್ಟಿ ಕಿರುಚಿದೆ. ಪುಣ್ಯಕ್ಕೆ ಅವಳು ನನ್ನ ಮಾತು ನಂಬಲಿಲ್ಲ. ತನ್ನ ಕಣ್ಣನ್ನು ನಂಬಿ ಇಂಜೆಕ್ಷನ್ನು ಚುಚ್ಚಿದಳು. ನನ್ನನ್ನು ನಂಬಿದ್ದರೆ? ಈ ಪ್ರಶ್ನೆಯನ್ನು ನಿಮ್ಮ ಕಚೇರಿಗೆ ಕೇಳುತ್ತಿಲ್ಲ. ಇದು ನನ್ನ ಜೊತೆಯಲ್ಲೇ ಎದ್ದು ನನ್ನ ಜೊತೆಯಲ್ಲೇ ಮಲಗುತ್ತದೆ.

ಮರುದಿನ ಕಸದ ಬುಟ್ಟಿಯಿಂದ ಆ ಹೊದಿಕೆಯನ್ನು ತೆಗೆದುಕೊಂಡು ಅಂಗಡಿಗೆ ಹೋದೆ. ಅಂಗಡಿಯವನು ಫೋನಿನಲ್ಲಿ ಫೋಟೋ ತೆಗೆದು, ದೊಡ್ಡದು ಮಾಡಿ, ತಿರುಗಿಸಿ, ಎಲ್ಲೂ ಸಿಗದೆ, ಕೊನೆಗೆ ಅಂಟು ಹಾಕಿದ ಅಂಚನ್ನು ಉಗುರಿನಿಂದ ಬಿಡಿಸಿದ. ಮಡಿಕೆಯ ಒಳಗೆ ಇತ್ತು. ಕಡಲೆಕಾಯಿಯ ಹಿಟ್ಟು.

"ಇದೆ ನೋಡಿ ತಾತ. ಬರ್ದಿದ್ದಾರೆ."

"ಯಾರು ಓದ್ಲಿ ಅಂತ ಬರ್ದಿದ್ದಾರಪ್ಪ? ಇರುವೆನಾ?"

"ನಂಗೇನ್ ಗೊತ್ತು ತಾತ. ನಾನು ಬರೀ ಮಾರೋನು" ಎಂದು ಅವನು ಪಾಪ, ಆ ಪೊಟ್ಟಣಗಳನ್ನೆಲ್ಲ ಮುಂದಿನ ಸಾಲಿನಿಂದ ತೆಗೆದು ಹಿಂದಕ್ಕೆ ಇಟ್ಟ. ಮುಂದಿನ ಸಲ ಹೋದಾಗ ಮತ್ತೆ ಮುಂದೆ ಇದ್ದವು. ಜನ ಕೇಳುತ್ತಾರಂತೆ. ರುಚಿ ಮೊದಲಿಗಿಂತ ಚೆನ್ನಾಗಿದೆಯಂತೆ.

ಇದನ್ನೇ ತಾವು ನಿಯಮಾನುಸಾರ ನಮೂದಿಸಲಾಗಿದೆ ಎಂದದ್ದು. ಸತ್ಯವೇ. ನಮೂದಿಸಿದ್ದಾರೆ. ಬೀಗದ ಕೈಯನ್ನು ಪೆಟ್ಟಿಗೆಯ ಒಳಗಿಟ್ಟು ಬೀಗ ಹಾಕಿದವನೂ ಬೀಗದ ಕೈ ಕೊಟ್ಟಿದ್ದೇನೆ ಎನ್ನಬಹುದು. ಇದೇ ಕಾರ್ಖಾನೆಯವರು ಒಮ್ಮೆ ಬಿಸ್ಕತ್ತಿನ ಜೊತೆ ಪ್ಲಾಸ್ಟಿಕ್ ಗೊಂಬೆ ಕೊಟ್ಟರಲ್ಲ, ಆಗ ಕರಡಿಯ ಹೊಟ್ಟೆಯ ಮೇಲೆ ಅಂಗೈಯಗಲ ಹಳದಿ ನಕ್ಷತ್ರ ಬಿಡಿಸಿದ್ದರು. ಬೀದಿಯ ಆ ಕಡೆಯಿಂದ ನನಗೇ ಕಾಣುತ್ತಿತ್ತು. ಗೊಂಬೆ ಬಂದರೆ ಡಂಗುರ, ಕಡಲೆಕಾಯಿ ಬಂದರೆ ಪಿಸುಮಾತೇ? ಕಣ್ಣಿಗೆ ಕಾಣುವ ಹಾಗೆ ಬರೆಯಲು ಅವರಿಗೆ ಬರುತ್ತದೆ. ಬರೆಯಬೇಡಿ ಎಂದವರು ಯಾರು? ಬರೆಯಲೇಬೇಕು ಎಂದು ಹೇಳದೆ ಉಳಿದವರು ಯಾರು? ತಮ್ಮ ಮನೆಯಲ್ಲಿ ತಿಂಡಿ ತರುವವರು ಅಂಗಡಿಯಲ್ಲಿ ನಿಂತು ಅಂಟು ಬಿಡಿಸಿ ಓದಿ ತರುತ್ತಾರೆಯೇ? ಅಂಗಡಿಯವರು ಬಿಡುತ್ತಾರೆಯೇ?

ಇಷ್ಟು ಸಿಟ್ಟಿನಲ್ಲಿ ಬರೆಯುತ್ತಿದ್ದೇನೆ, ಆದರೆ ಇದು ಸಿಟ್ಟಲ್ಲ. ಹೆದರಿಕೆ. ನಾಚಿಕೆ ಬಿಟ್ಟು ಹೇಳುತ್ತೇನೆ. ಈಗ ಅಂಗಡಿಯ ಆ ಸಾಲಿನಲ್ಲಿ ಕಾಲಿಡಲು ನನಗೆ ಎದೆ ಹೊಡೆದುಕೊಳ್ಳುತ್ತದೆ. ಸಾಸಿನ ಶೀಷೆ, ನೂಡಲ್ಸು, ಹಾಲಿನ ಪುಡಿ, ಎಲ್ಲವೂ ಹಳೆಯ ಪರಿಚಯದ ಮುಖ ಹೊತ್ತು ಸಾಲಾಗಿ ನಿಂತು ನಗುತ್ತವೆ. ಯಾರು ಒಳಗೊಳಗೇ ಬದಲಾಗಿದ್ದಾರೆ ಎಂದು ಹೇಗೆ ತಿಳಿಯಲಿ? ಒಂದು ಪೊಟ್ಟಣ ಕೈಗೆ ತೆಗೆದುಕೊಳ್ಳುತ್ತೇನೆ, ಇಡುತ್ತೇನೆ. ಖಾಲಿ ಚೀಲ ಹಿಡಿದು ಮನೆಗೆ ಬರುತ್ತೇನೆ. ಅವಳು ಬಾಗಿಲಲ್ಲೇ, "ಏನ್ರೀ, ಅಂಗಡಿ ಮುಚ್ಚಿತ್ತಾ?" ಎನ್ನುತ್ತಾಳೆ. ಮುಚ್ಚಿರಲಿಲ್ಲ ಎಂದು ಅವಳಿಗೂ ಗೊತ್ತು.

ಇನ್ನೂ ಒಂದಿದೆ. ಭಾವಯ್ಯನ ಕಡಲೆಕಾಯಿ ನನ್ನ ನಾಲಿಗೆಗೆ ಯಾಕೆ ಸಿಗಲಿಲ್ಲ? ಅವಳು ಆಸ್ಪತ್ರೆಯಲ್ಲಿ ಚೇತರಿಸಿಕೊಂಡು ಕೂತಾಗ ನಾನು ಡಾಕ್ಟರಿಗೆ ಇದನ್ನೇ ಕೇಳಿದೆ. ರುಚಿ ನೋಡುವ ನನ್ನ ಪದ್ಧತಿ ಕೇಳಿ ಆ ಹುಡುಗಿ ನನ್ನನ್ನು ಬೈದಳು. "ಹಾಗೆಲ್ಲ ನಾಲಿಗೆ ನಂಬ್ಕೋಬಾರದು ತಾತ. ರುಚಿಗೆ ಸಿಗದಷ್ಟಿದ್ರೂ ಇವರಿಗೆ ಸಾಕು. ಇಷ್ಟು ದಿನ ನಿಮ್ಮ ಅದೃಷ್ಟ." ಆಮೇಲೆ, "ರುಚಿ ಕಮ್ಮಿಯಾಗಿ ಎಷ್ಟು ದಿನ ಆಯ್ತು?" ಎಂದಳು. ಬಣ್ಣದ ವಾಸನೆಗೆ ನಾಲಿಗೆ ಮಂದವಾಗಿದೆ, ವಯಸ್ಸಾಯ್ತಲ್ಲ ಎಂದೆ. "ಎಲ್ಲಿ, ಆ ಅನ್ನಿ" ಎಂದಳು. ಟಾರ್ಚು ಹಿಡಿದು ನೋಡುತ್ತಾ ನೋಡುತ್ತಾ ಅವಳ ಮುಖದ ನಗು ಹೋಯಿತು. ನಾಲಿಗೆಯ ಬದಿಯಲ್ಲಿ ಒಂದು ಬಿಳಿ ಗಂಟು. ತುಂಡು ತೆಗೆದು ಪರೀಕ್ಷೆಗೆ ಕಳಿಸಿದರು. ಪರೀಕ್ಷೆಯಲ್ಲಿ ಬಂದ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನಾಲಿಗೆಯ ಒಂದು ಭಾಗ ಕತ್ತರಿಸಬೇಕಂತೆ. ಮಾತು ತೊದಲಬಹುದು, ರುಚಿ ಎಷ್ಟು ಉಳಿಯುತ್ತದೋ ಹೇಳಲಾಗದು ಎಂದರು. ಮಾತು ಹೋದರೆ ಊರಿಗೆ ನೆಮ್ಮದಿ, ಹೋಗಲಿ. ರುಚಿ ಹೋದರೆ ನನ್ನ ಹೆಂಡತಿಗೆ "ಹೂಂ" ಎನ್ನುವವರು ಯಾರು?

ಓದಿದವರು ನೀವು, ನಾಲಿಗೆಯನ್ನು ನಂಬಬಾರದು ಎನ್ನುತ್ತೀರಿ. ಒಪ್ಪಿದೆ. ಪೊಟ್ಟಣವನ್ನು ನಂಬಿ ಎನ್ನುತ್ತೀರಿ. ಅದನ್ನೂ ನಂಬಿಯೇ ಇದ್ದೆವು. ಪೊಟ್ಟಣದ ತಿಂಡಿಯೇ ಬೇಡ ಎನ್ನುವ ಬುದ್ಧಿವಂತರೂ ಇದ್ದಾರೆ. ಮನೆಯಲ್ಲೇ ಎಲ್ಲ ಮಾಡುತ್ತೇವೆ ಸ್ವಾಮಿ, ಅಡುಗೆ ನನ್ನದೇ. ಆದರೆ ಬೇರೆಯವರ ಮನೆಯಲ್ಲಿ, ಮದುವೆಯಲ್ಲಿ, ಬೇಕರಿಯಲ್ಲಿ ಏನನ್ನೂ ನೆಮ್ಮದಿಯಾಗಿ ಮುಟ್ಟಲಾಗದೆ ಬದುಕಿದವಳಿಗೆ, ಅಂಗಡಿಗೆ ಹೋಗಿ ಎಲ್ಲರ ಹಾಗೆ ಒಂದು ಪೊಟ್ಟಣ ಕೊಂಡು ಹರಿದು ತಿನ್ನುವುದು ಎಷ್ಟು ದೊಡ್ಡ ಸುಖ ಎಂದು ನಿಮಗೆ ತಿಳಿಯದು. ಆ ಒಂದು ಸುಖಕ್ಕೂ ನಿಮ್ಮ ನಿಯಮ ಕೈ ಹಾಕಿತು.

ಮೊನ್ನೆ ಅವಳು "ಮಗಳು" ಕುಡಿಯಬೇಕು ಎಂದಳು. ಮನೆಯಲ್ಲಿ ಹಳೆಯದೊಂದು ಡಬ್ಬ ಇತ್ತು. ಒಡೆದು, ಲೋಟಕ್ಕೆ ಬಗ್ಗಿಸಿ, ತಾನು ಮುಟ್ಟದೆ ನನ್ನ ಕಡೆ ತಳ್ಳಿದಳು. ನಾನು ಒಂದು ಗುಟುಕು ಕುಡಿದೆ. ತಣ್ಣಗಿತ್ತು. ಅಷ್ಟೇ ಗೊತ್ತಾದದ್ದು. ಮಾವಿನ ಹಣ್ಣೋ, ಬಣ್ಣದ ನೀರೋ, ವಿಷವೋ, ನಾಲಿಗೆ ಏನೂ ಹೇಳಲಿಲ್ಲ. ಅವಳು ನನ್ನ ಮುಖ ನೋಡುತ್ತಾ ಕೂತಿದ್ದಳು. "ಹೂಂ" ಅನ್ನಲು ಬಾಯಿ ಬರಲಿಲ್ಲ. ಲೋಟ ತೆಗೆದುಕೊಂಡು ಹೋಗಿ ಪಾತ್ರೆ ತೊಳೆಯುವ ತೊಟ್ಟಿಗೆ ಸುರಿದೆ. ಹಳದಿ ಬಣ್ಣ ತೂತಿನಲ್ಲಿ ಸುತ್ತಿ ಸುತ್ತಿ ಇಳಿಯಿತು. ನನ್ನ ಹೆಂಡತಿ ಬೈಯಬಹುದು ಅಂದುಕೊಂಡಿದ್ದೆ. ಬೈಯಲಿಲ್ಲ. ಹಿಂದೆಯೇ ಬಂದು ನನ್ನ ಹೆಗಲ ಮೇಲೆ ಕೈಯಿಟ್ಟು, "ಹೋಗ್ಲಿ ಬಿಡಿ, ನಮ್ ಮಗಳು ಮದುವೆ ಆಗಿ ಹೋದ್ಲು ಅಂದ್ಕೊಳ್ಳೋಣ" ಎಂದು ನಕ್ಕಳು. ಆಮೇಲೆ ನಗು ನಿಲ್ಲಿಸಿ ಕೇಳಿದಳು:

"ನಿಮ್ಮ ಆಪರೇಷನ್ ದಿನ ನಾನು ಆಸ್ಪತ್ರೆ ಹೊರಗೆ ಕೂತಿರ್ತೀನಲ್ಲ. ಹಸಿವಾದ್ರೆ ಏನ್ ತಿನ್ಲಿ?"

ಉತ್ತರ ನನಗೆ ಗೊತ್ತಿಲ್ಲ. ನಿಮಗೆ ಗೊತ್ತಿರಬೇಕು, ಅದಕ್ಕೇ ನಿಮಗೆ ಕುರ್ಚಿ ಕೊಟ್ಟಿರುವುದು.

ನನಗೆ ಪರಿಹಾರ ಬೇಡ, ವಿಷಾದ ಬೇಡ, ನಿಮ್ಮ ನಿಯಮದ ಪ್ರತಿ ಬೇಡ. ಒಳಗಿನದು ಬದಲಾದರೆ ಹೊರಗಿನ ಬಣ್ಣ ಬದಲಾಗಬೇಕು. ಮುಂಬದಿಯಲ್ಲಿ, ಅಂಗೈಯಗಲ, ಅಕ್ಷರ ಬಾರದವನೂ ಬೀದಿಯ ಆ ಕಡೆ ನಿಂತು ನೋಡಿ, ಇದು ನಮ್ಮವನಲ್ಲ ಎಂದು ಗುರುತು ಹಿಡಿಯುವ ಹಾಗೆ. ಇದನ್ನು ಮಾಡಿಸುತ್ತೀರೋ ಇಲ್ಲವೋ, ಒಂದೇ ಮಾತಿನಲ್ಲಿ ಹೇಳಿ.

ಬರುವ ಇಪ್ಪತ್ತೆರಡನೇ ತಾರೀಖು ಬೆಳಿಗ್ಗೆ ನನ್ನನ್ನು ಒಳಗೆ ಕರೆದೊಯ್ಯುತ್ತಾರೆ. ಇಪ್ಪತ್ತೊಂದರ ಒಳಗೆ ಉತ್ತರ ಬರಬೇಕು.

ಇಂತಿ,
ಇಪ್ಪತ್ತೊಂದರವರೆಗೆ ಪೂರ್ತಿ ನಾಲಿಗೆಯಿರುವ,
ನಿಮ್ಮ ಮೆಟ್ಟಿಲ ಗೋಡೆಗೆ ಬಣ್ಣ ಹೊಡೆದವನು