ಅಪ್ಪನ ಬಂಡೆಯ ಮೇಲೆ ನೀರು

ಅಕ್ಟೋಬರ್ ೧೪, ಒರ್ಲಾಂಡೊ

ಅಕ್ಷರ ಸೊಟ್ಟ, ಕಾಗುಣಿತವೂ ತಪ್ಪು. ಐದನೇ ತರಗತಿಗೇ ಶಾಲೆ ಬಿಟ್ಟವಳು ನಾನು, ಕ್ಷಮಿಸು ಪುಟವೇ.

ಇವತ್ತು ಅಪ್ಪ ಕೊನೆಗೂ ನನ್ನ ಜೊತೆ ಥೀಮ್ ಪಾರ್ಕಿಗೆ ಬಂದ, ಅದೇ ದೊಡ್ಡದು. ಪಾರ್ಕಿನ ಹೊಸ ಭಾಗವನ್ನು ಊರಿನವರಿಗೆ ತೆರೆಯುವ ಮೊದಲು, ಒಂದು ಸಂಜೆ ಕಟ್ಟಿದವರಿಗೂ ಅವರ ಮನೆಯವರಿಗೂ ತೋರಿಸುತ್ತಾರೆ. ಅಲ್ಲಿನ ಸಿಮೆಂಟ್ ಬಂಡೆಗಳನ್ನು ಮಾಡಿದವರಲ್ಲಿ ಅಪ್ಪನೂ ಒಬ್ಬ. ಆದರೆ ಜಲಪಾತಕ್ಕೆ ನೀರು ಬಿಡುವ ಹೊತ್ತಿಗೆ ಅವನನ್ನು ಬೇರೆ ಕೆಲಸಕ್ಕೆ ಕಳಿಸಿದ್ದರು. ತನ್ನ ಬಂಡೆ ನೆನೆದದ್ದನ್ನು ಅವನು ನೋಡಿಯೇ ಇರಲಿಲ್ಲ.

ಕಾರಿಳಿದವನೇ ಅಭ್ಯಾಸದಂತೆ ಕೆಲಸದವರ ಹಿಂದಿನ ಗೇಟಿಗೆ ನಡೆದ. ಕಾವಲಿನ ಮುದುಕ ಅಪ್ಪನ ಹೆಸರು ಹಿಡಿದು ಕರೆದು ನಕ್ಕ.

"ಏನ್ ಮಕಾರಿಯೋ, ಇಸ್ತ್ರಿ ಅಂಗಿ ಹಾಕ್ಕೊಂಡು ಸಿಮೆಂಟ್ ಕಲಸೋಕೆ ಬಂದ್ಯಾ? ಇವತ್ತು ನೀನು ನೆಂಟ ಕಣಯ್ಯಾ, ಮುಂದಿನ ಬಾಗಿಲಿಗೆ ಹೋಗು."

ಅಪ್ಪ ನಿಂತುಬಿಟ್ಟ. "ಅಲ್ಲೆಲ್ಲ ದೊಡ್ಡೋರು ಇರ್ತಾರೆ. ನಡಿ ಮಗಳೇ, ಮನೆಗೆ ಹೋಗೋಣ."

ಜನರನ್ನು ಕಂಡರೆ ನನಗೂ ಭಯ. ಆದರೂ ಅವನ ಕೈ ಹಿಡಿದು ಎಳೆದುಕೊಂಡು ಹೋದೆ.

ದೀಪ ಹತ್ತಿತ್ತು. ಅವನ ಬಂಡೆಯ ಮೇಲೆ ನೀರು ಇಳಿಯುತ್ತಿತ್ತು. ಅಪ್ಪ ಹತ್ತಿರ ಹೋಗಿ ಅಂಗೈಯನ್ನು ನೀರಿಗೊಡ್ಡಿದ. ಆಮೇಲೆ ನನ್ನ ಬೆರಳುಗಳನ್ನು ಬಂಡೆಯ ಒದ್ದೆ ಸುಕ್ಕುಗಳ ಮೇಲೆ ಇಟ್ಟ.

"ಇವೆಲ್ಲ ನಿನ್ನವೇ ಕಣೇ. ನೀನು ಊಟ ಸುತ್ತಿ ಕೊಡ್ತಿದ್ದ ಫಾಯಿಲ್ ಇತ್ತಲ್ಲ, ಅದನ್ನೇ ಮುದುರಿ ಹಸಿ ಸಿಮೆಂಟಿಗೆ ಒತ್ತಿ ಈ ಸುಕ್ಕು ತೆಗೆದದ್ದು."

ತಿಂದಮೇಲೆ ಅದನ್ನು ಬಿಸಾಡುತ್ತಾನೆ ಅಂದುಕೊಂಡಿದ್ದೆ. ತಾಯಿ ಗ್ವಾದಲೂಪೆ, ನಮ್ಮ ದೇವಮಾತೆಯೇ, ನಿನಗೆ ಹೇಗೆ ವಂದಿಸಲಿ? ಬೆರಳು ಇನ್ನೂ ತಣ್ಣಗಿದೆ ಅನಿಸುತ್ತಿದೆ. ಕಣ್ಣು ಎಳೆಯುತ್ತಿದೆ.

ಇವತ್ತು ಬೆಳಿಗ್ಗೆಯೂ ಅವನ ಊಟದ ತಮಾಲೆ, ಆ ಮೆಕ್ಕೆಜೋಳದ ಕಡುಬುಗಳನ್ನು ಫಾಯಿಲ್‌ನಲ್ಲಿ ಸುತ್ತಿ ಕೊಟ್ಟಿದ್ದೆ, ಏನೂ ತಿಳಿಯದೆ, ತಣ್ಣಗಾಗದಿರಲಿ ಅಂತ ಎರಡು ಸುತ್ತು.