ಕಡೆಕೊಪ್ಪದ ಬಾಯಿಸಾಕ್ಷಿ

ಶಕವರ್ಷ ೨೧೭೬, ಅರವತ್ತೊಂದನೆಯ ಸಂವತ್ಸರ, ಎರಡನೇ ಬೇಸಿಗೆ

ಹಿಂದಿನವರಿಗೆ,

ಅರವತ್ತೇ ಸಂವತ್ಸರ ಎಣಿಸಿದ ನಿಮಗೆ ಈ ತಾರೀಖು ವಿಚಿತ್ರವೆನಿಸೀತು. ನನ್ನ ಮಾತುಗಳೂ ಹಾಗೆಯೇ, ಕ್ಷಮಿಸಿ. ನಾನು ನೀಲಾಂಬಿಕೆ, ತುಂಗಭದ್ರೆಯ ಕಾಲುವೆ ಸೀಮೆಯಲ್ಲಿ ಉಪ್ಪಳೆಯುವವಳು. ನದಿ ಕಣಿವೆಗೆ ಇಳಿಯುವ ಮೇಲಿನ ಸೇತುವೆಯಲ್ಲೊಮ್ಮೆ, ಕಣಿವೆ ದಾಟುವ ಕಡೆಕೊಪ್ಪದಲ್ಲೊಮ್ಮೆ ನೀರು ತುಂಬಿಕೊಂಡು, ಅದರ ಉಪ್ಪನ್ನೂ ಹೊಳೆಯ ಹರಿವನ್ನೂ ಅಳೆದು ಗುಣಿಸುತ್ತೇನೆ. ಕೆಳಗಿನ ಲೆಕ್ಕದಿಂದ ಮೇಲಿನದನ್ನು ಕಳೆದರೆ ಉಳಿಯುವುದು ಕಣಿವೆ ನದಿಗೆ ಕೊಟ್ಟ ಉಪ್ಪು. ಕಣಿವೆಯ ಗದ್ದೆಗಳಲ್ಲಿ ಭತ್ತ ನೀರು ಕುಡಿದು ಉಪ್ಪನ್ನು ಬಿಡುತ್ತದೆ. ಮಿಕ್ಕ ನೀರು ನೆಲದಡಿಯ ಹಳೆಯ ಉಪ್ಪನ್ನೂ ಕರಗಿಸಿಕೊಂಡು ಬಸಿದು ಹೊಳೆಗೇ ಮರಳುತ್ತದೆ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಿದ್ದಿರಂತೆ. ಇಲ್ಲಿ ಎರಡೂ ಒಂದೇ ಲೋಟದಲ್ಲಿ ಸಿಗುತ್ತವೆ, ಗಾದೆಗೆ ಕೆಲಸವಿಲ್ಲ.

ಕಡೆಕೊಪ್ಪ ನನ್ನೂರು. ಇಲ್ಲಿ ಸಾರಿಗೆ ಯಾರೂ ಉಪ್ಪು ಹಾಕುವುದಿಲ್ಲ. ಒಗೆದ ಸೀರೆ ಒಣಗಿ ತಂತಿಯ ಮೇಲೆ ಹಪ್ಪಳದಂತೆ ನಿಲ್ಲುತ್ತದೆ. ಬಸುರಿಯರ ಮುಖ, ಕಾಲು ಊದುತ್ತವೆ. ಕೆಲವರು ಹೆರಿಗೆಯವರೆಗೆ ಉಳಿಯುವುದಿಲ್ಲ. ನನ್ನ ಮಗಳು ಚಂಪಾವತಿ ಈಗ ಬಸುರಿ, ಅವಳ ಕಾಲಿಗೆ ಚಪ್ಪಲಿ ಹಿಡಿಯುತ್ತಿಲ್ಲ. ಬೇರೆ ನೀರು ಕುಡಿಸಿ ಎಂದರು ವೈದ್ಯರು. ಬೇರೆ ನೀರಿಲ್ಲ.

ಉಪ್ಪು ಮಿತಿ ಮೀರಿದರೆ ಗದ್ದೆಗಳ ಕಾಲುವೆ ಮುಚ್ಚಿ, ಮೇಲಿನ ಸಿಹಿನೀರನ್ನು ಕೊಳವೆಯಲ್ಲಿ ನಮ್ಮೂರಿಗೆ ಬಿಡಬೇಕೆಂಬ ಕಾನೂನಿದೆ. ಆದರೆ ಯಂತ್ರದ ಅಂಕಿ ಒಂದೇ ಸಾಲದು. ಆ ಊರಲ್ಲೇ ಹುಟ್ಟಿ ಬೆಳೆದ ಹಿರಿಯರೊಬ್ಬರು ಸಭೆಯ ಎದುರು ಕುಡಿದು, ಉಪ್ಪಾಗಿದೆ ಎನ್ನಬೇಕು. ಇದನ್ನು ಬಾಯಿಸಾಕ್ಷಿ ಎನ್ನುತ್ತೇವೆ.

ಈ ಸಲ ಕಣಿವೆಯೊಳಗೆ ಬಂದದ್ದರ ಮೂರು ಪಟ್ಟು ಉಪ್ಪು ಹೊರಗೆ ಹೋಗಿತ್ತು. ಮಿತಿ ಮೀರಿತ್ತು, ಇನ್ನು ಸಿಹಿನೀರು ಬರುತ್ತದೆಂದು ನನಗೆ ಸಮಾಧಾನವೇ ಆಯಿತು. ಸಾಕ್ಷಿಗೆ ನಿಂತವಳು ನಮ್ಮ ಓಣಿಯ ಹುಲಿಗೆವ್ವ. ಅವಳು ನಿಧಾನವಾಗಿ ಕುಡಿದಳು, ಇನ್ನೊಮ್ಮೆ ತುಂಬಿಸಿಕೊಂಡು ಕುಡಿದಳು, ನನ್ನ ಕಡೆ ನೋಡಿದಳು.

“ಸುಳ್ಳ್ ಹೆಂಗ ಹೇಳ್ಲೆವ್ವಾ? ನೀರು ಚಲೋನ ಅದಾವ.”

ಮೇಲಿನ ಗದ್ದೆಯವರು ವಾದಿಸಬೇಕಾಗಿಯೇ ಬರಲಿಲ್ಲ. ಕಾಲುವೆ ತೆರೆದೇ ಉಳಿಯಿತು. ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ. ಎಲ್ಲರೂ ಹೋದ ಮೇಲೆ ಲೋಟದಲ್ಲಿ ಉಳಿದಿದ್ದನ್ನು ನಾನೇ ಕುಡಿದೆ. ಅಂಕಿ ನನ್ನ ಕೈಯಲ್ಲೇ ಇತ್ತು. ನೀರು ಸಿಹಿಯಾಗಿತ್ತು.

ಈ ಕಾನೂನು ನಿಮ್ಮ ಮೊಮ್ಮಕ್ಕಳ ಕಾಲದಲ್ಲಿ ಬರುತ್ತದೆ, ಒಳ್ಳೆಯ ಮನಸ್ಸಿನಿಂದಲೇ. ಯಂತ್ರಕ್ಕಿಂತ ಮನುಷ್ಯನ ನಾಲಿಗೆ ದೊಡ್ಡದು ಎಂದು ಯಾರೋ ಚೆನ್ನಾಗಿ ಭಾಷಣ ಮಾಡುತ್ತಾರೆ, ಚಪ್ಪಾಳೆಯೂ ಬೀಳುತ್ತದೆ. ನಾಲಿಗೆ ಯಾವುದಕ್ಕೂ ಒಗ್ಗಿಕೊಳ್ಳುತ್ತದೆ ಎಂದು ಆ ಮೊಮ್ಮಕ್ಕಳಿಗೆ ಈಗಲೇ ಹೇಳಿಡಿ. ಆ ದಿನ ಕಾನೂನಿನ ಪರ ಕೈ ಎತ್ತಬೇಡಿ ಎನ್ನಿ. ಇಷ್ಟೇ ನನ್ನ ಕೋರಿಕೆ.

ಚಂಪಾವತಿ ಬಾಯಾರಿಕೆ ಎಂದು ಮತ್ತೆ ಕರೆಯುತ್ತಿದ್ದಾಳೆ. ನೀರು ಕೊಡಬೇಕು, ಏಳುತ್ತೇನೆ.