ಎದೆಯೊಳಗೊಂದು ಕಟ್ಟಡ

೧೪ ಅಕ್ಟೋಬರ್ ೨೦೦೯, ಬುಧವಾರ. ರಾಜಾಜಿನಗರ.

ಯಶೋದಮ್ಮನವರ ಹೃದಯದಲ್ಲಿ ಕಟ್ಟಿಕೊಂಡಿದ್ದ ರಕ್ತನಾಳದ ಅಗಲ ಎರಡೇ ಮಿಲಿಮೀಟರ್. ಇಷ್ಟು ಸಣ್ಣದರಲ್ಲಿ ಔಷಧ ಬಳಿದ ಸ್ಟೆಂಟ್, ಅಂದರೆ ಒಳಗೇ ಉಳಿಯುವ ಜಾಲರಿ ಕೊಳವೆ, ಇಟ್ಟರೂ ಮತ್ತೆ ಕಟ್ಟಿಕೊಳ್ಳಬಹುದು, ಔಷಧ ಬಳಿದ ಬಲೂನನ್ನು ಒಂದು ನಿಮಿಷ ಉಬ್ಬಿಸಿ ಹೊರತೆಗೆಯೋಣ ಎಂದು ಬೆಳಿಗ್ಗೆ ನಾನೇ ವಾದಿಸಿದ್ದೆ. ನಮ್ಮ ಹಿರಿಯ ಡಾಕ್ಟರರೂ ಒಪ್ಪಿದ್ದರು. ಅಷ್ಟರಲ್ಲಿ ಮಾರೇನಹಳ್ಳಿಯಲ್ಲಿ ನಾಲ್ಕು ಬಿಲ್ಡಿಂಗ್ ಎಬ್ಬಿಸಿರುವ ಯಶೋದಮ್ಮನವರ ಮಗ ಸಂಪತ್ ಗುಡುಗಿದ: "ಇಷ್ಟೆಲ್ಲಾ ಮಾಡಿ ಒಳಗೆ ಏನೂ ಇಡ್ದೆ ಕಳಿಸ್ತೀರಾ ಸಾರ್? ನೆಂಟ್ರು ಕೇಳಿದ್ರೆ ಏನಂತ ಹೇಳ್ಲಿ?"

ನೆಂಟರಿಗೆ ತೋರಿಸಲು ತಾಯಿಯ ಎದೆಯೊಳಗೂ ಒಂದು ಕಟ್ಟಡ! ಡಾಕ್ಟರರು ಹಲ್ಲುಕಿರಿದು ಸ್ಟೆಂಟಿಗೆ ತಲೆಯಾಡಿಸಿದರು. ಥೂ.

ಸಂಜೆ ವಾರ್ಡಿನಲ್ಲಿ ಯಶೋದಮ್ಮ ನನ್ನ ಕೈ ಹಿಡಿದುಕೊಂಡು, "ಬಲೂನೇ ಒಳ್ಳೇದು ಅಂದಿದ್ಯಲ್ಲಮ್ಮ, ಅದನ್ನೇ ಹಾಕಿದ್ರಿ ತಾನೆ?" ಎಂದರು.

ಹೂಂ ಎಂದೆ. ಸ್ಟೆಂಟ್ ಕೂರಿಸಿದ್ದು ಅವರು ಹಿಡಿದಿದ್ದ ಅದೇ ಕೈ.